ಚಿತ್ರದ ವಿಮಾನ, ತೂಕದ ವಿಮಾನ

ಈ ಕಥೆಯನ್ನು ನಮಗೆ ಮೊದಲು ಹೇಳಿದವಳು ಗುಂಡಿ ಅತ್ತೆ. ಹೇಳಿದ್ದು ಹೋದ ವರ್ಷ ನವೆಂಬರಿನ ಒಂದು ಮಧ್ಯಾಹ್ನ, ಕರೆಂಟು ಹೋಗಿ ಅಂಗಡಿಯ ಮಷೀನುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿಕೊಂಡಾಗ. ಗುಂಡಿ ಅತ್ತೆ ನಮ್ಮಲ್ಲಿ ಯಾರಿಗೂ ನಿಜವಾದ ಅತ್ತೆಯಲ್ಲ. ಈ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಲೇ ಕೂದಲು ಬೆಳ್ಳಗಾದವಳು, ಅದಕ್ಕೆ ಆ ಹೆಸರು. ಅಂಗಡಿ ಅಕ್ಕನದು. ಅಕ್ಕನೂ ಹಾಗೇ, ಊರಿಗೆಲ್ಲ ಅಕ್ಕ. ಒಡಹುಟ್ಟಿದ್ದು ಮಾತ್ರ ಒಬ್ಬನೇ ತಮ್ಮ, ಅವಳ ಬಾಯಲ್ಲಿ ಪೀಪಿ. ಅವನು ಸಮುದ್ರದಾಚೆಯ ಊರಿನಲ್ಲಿ ಕಾರು ಕಲಿಸುವ ಶಾಲೆ ನಡೆಸುತ್ತಾನೆ.

ಅಕ್ಕನೂ ತಮ್ಮನೂ ಫೋನಿನಲ್ಲಿ ಮಾತಾಡುವುದಿಲ್ಲ. ಮಾತಾಡಿದರೆ ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ, ಕೊನೆಗೆ ಯಾರೋ ಒಬ್ಬರು ಸಿಟ್ಟಿನಿಂದ ಇಡುತ್ತಾರೆ. ಅದಕ್ಕೇ ಪತ್ರ. ಬಟ್ಟೆ ಕತ್ತರಿಸುವ ಮೊದಲು ಕಂದು ಕಾಗದದಲ್ಲಿ ಕತ್ತರಿಸಿ ನೋಡುವುದು ಅಕ್ಕನ ಕ್ರಮ. ಪತ್ರವನ್ನೂ ಹಾಗೇ ಮೊದಲು ಕಂದು ಕಾಗದದ ಮೇಲೆ ಬರೆದು, ತಿದ್ದಿ, ಆಮೇಲೆ ಬಿಳಿ ಕಾಗದಕ್ಕೆ ಇಳಿಸುತ್ತಾಳೆ. ಆ ಕಂದು ಕಾಗದಗಳೂ ಅವಳಿಗೆ ಬಂದ ಪತ್ರಗಳೂ ಒಂದು ಡಬ್ಬಿಯಲ್ಲಿದ್ದವು. ಡಬ್ಬಿಯನ್ನು ಅತ್ತೆಯ ಕೈಗೆ ಕೊಡುವಾಗ ಅಕ್ಕ, "ಓದ್ಕೊಳ್ಳಿ, ನಗಾಡ್ಕೊಳ್ಳಿ. ಆದ್ರೆ ಮಷೀನು ನಿಂತಾಗ ಮಾತ್ರ" ಅಂದಿದ್ದಳಂತೆ.

ಅಂಗಡಿಯಲ್ಲಿ ಅಕ್ಕನ ಮಷೀನು ಮಾತ್ರ ಕಾಲಿನಿಂದ ಓಡಿಸುವುದು, ಅದಕ್ಕೆ ಕರೆಂಟು ಬೇಡ. ಅವತ್ತು ಅದೂ ಸುಮ್ಮನಿತ್ತು. ಅತ್ತೆ ಕನ್ನಡಕ ಒರೆಸಿಕೊಂಡು ಓದಲು ಶುರುಮಾಡಿದಳು.

*

ಮಾರ್ಚ್ 4

ಚಿರಂಜೀವಿ ಪೀಪಿಗೆ ಅಕ್ಕನ ಆಶೀರ್ವಾದ.

ಪಾರ್ಸೆಲ್ ಬಂತು. ಒಳಗೆ ಒಂದು ಹಿಡಿಕೋಲು, ಒಂದು ಜೊತೆ ಪೆಡಲು, ಮೇಲೆ ನಿನ್ನ ಎರಡು ಸಾಲು: "ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ವಿಮಾನ ಓಡಿಸಿ ಅಭ್ಯಾಸ ಮಾಡಿಕೋ, ಹೆದರಿಕೆ ಹೋಗುತ್ತದೆ." ಹೆದರಿಕೆ ಯಾರಿಗೆ? ನಾನು ಬರುತ್ತೇನೆ ಅಂತ ಯಾವತ್ತು ಹೇಳಿದೆ? ಹಡಗಿನಲ್ಲಿ ಈಗ ಸಾಮಾನು ಮಾತ್ರ ಬರುತ್ತದೆ, ಜನರನ್ನು ಹತ್ತಿಸುವುದಿಲ್ಲ. ಕಿವಿಯ ಆಪರೇಷನ್ ಆದಮೇಲೆ ಡಾಕ್ಟರು ನಿನಗೆ ಜನ್ಮದಲ್ಲಿ ವಿಮಾನ ಬೇಡ ಅಂದಿದ್ದಾರೆ. ಆದ್ದರಿಂದ ಮುಖ ನೋಡಬೇಕಾದರೆ ನಾನೇ ಬರಬೇಕು. ಇದೆಲ್ಲ ನನಗೂ ಗೊತ್ತು, ಪದೇ ಪದೇ ಬರೆಯಬೇಡ.

ಕಳಿಸಿದ್ದನ್ನು ಮೂಲೆಗೆ ಹಾಕಲು ಮನಸ್ಸಾಗಲಿಲ್ಲ. ಇದೂ ಒಂದು ಕಂದು ಕಾಗದ ಅಂದುಕೊಂಡೆ. ನಮ್ಮ ಕಂಪ್ಯೂಟರು ರಿಪೇರಿ ಮಾಡುವ ವೈರಣ್ಣನನ್ನು ಕರೆಸಿದೆ. ಅವನು ಹೇಳಿದ: "ಅಕ್ಕಾ, ಇದಕ್ಕೆ ಆಟ ಅನ್ಬೇಡಿ, ಸಿಮ್ಯುಲೇಟರ್ ಅನ್ಬೇಕು. ಹೆಸರಾಗಿರೋವು ಎರಡಿವೆ. ಒಂದರಲ್ಲಿ ಚಿತ್ರ ಚೆಂದ, ಇನ್ನೊಂದರಲ್ಲಿ ವಿಮಾನದ ತೂಕ ಸರಿ. ಎರಡನ್ನೂ ಒಂದೊಂದು ತಿಂಗಳು ಪುಕ್ಕಟೆ ನೋಡ್ಬಹುದು. ಆದ್ರೆ ಈ ಪೆಟ್ಟಿಗೇಲಿ ಜಾಗ ಇರೋದು ಒಂದಕ್ಕೇ. ಎರಡೂ ಒಟ್ಟಿಗೆ ಬೇಕಂದ್ರೆ ಇದ್ರಲ್ಲಿರೋ ನಿಮ್ಮ ಕಸೂತಿ ಹೂವಿನ ನಮೂನೆಯೆಲ್ಲ ಅಳಿಸ್ಬೇಕು." ಹೂವಿನ ತಂಟೆಗೆ ಬಂದರೆ ಬೆರಳಿಗೆ ಕಾಜ ಹಾಕುತ್ತೇನೆ ಅಂದೆ. ಮೊದಲು ಚಿತ್ರದ್ದನ್ನೇ ಹಾಕಿ ಹೋದ.

ನೋಡಿದೆ. ಮೋಡ, ಸೂರ್ಯ ಎಲ್ಲ ಚೆನ್ನಾಗಿದೆ. ಆದರೆ ನಾನು ಬಟ್ಟೆ ಕೊಳ್ಳುವಾಗ ಮೇಲ್ಮೈ ನೋಡುವವಳಲ್ಲ, ಮಗುಚಿ ಒಳಹೊಲಿಗೆ ನೋಡುವವಳು. ಕೆಳಕ್ಕೆ ಇಳಿಸಿಕೊಂಡು ನೋಡಿದರೆ ಮನೆಗಳೆಲ್ಲ ಬಿಸಿ ಇಸ್ತ್ರಿ ತಾಗಿದ ನೈಲಾನಿನ ಹಾಗೆ ಕರಗಿ ನಿಂತಿವೆ. ನದಿಯ ಮಧ್ಯೆ ಮರ ಎದ್ದಿದೆ. ಇಂಥ ಕೆಲಸವನ್ನು ಗಿರಾಕಿಗೆ ಕೊಟ್ಟರೆ ಮುಖಕ್ಕೆ ಎಸೆದು ಹೋಗುತ್ತಾರೆ. ಮುಂದಿನ ತಿಂಗಳು ತೂಕದ್ದು ಹಾಕಿಸುತ್ತೇನೆ.

ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀ ತಾನೇ?

ಅಕ್ಕ

*

ಮಾರ್ಚ್ 19

ಅಕ್ಕಾ,

ಮನೆಗಳು ಕರಗಿದ್ದು ಸಿಮ್ಯುಲೇಟರಿನ ತಪ್ಪಲ್ಲ, ನಿನ್ನ ಅಂಗಡಿಯ ಇಂಟರ್ನೆಟ್ಟಿನ ತಪ್ಪು. ಚಿತ್ರದ್ದು ಭೂಮಿಯ ನಿಜವಾದ ಫೋಟೋಗಳನ್ನು ಹಾರುವಾಗಲೇ ತರಿಸಿಕೊಳ್ಳುತ್ತದೆ. ನಿನ್ನ ತಂತಿ ಆಮೆಯ ಹಾಗಿದ್ದರೆ ಅದೇನು ಮಾಡುತ್ತದೆ? ನನ್ನಲ್ಲಿ ಒಂದೊಂದು ಹೆಂಚೂ ಕಾಣುತ್ತದೆ. ನಮ್ಮ ಬೀದಿ, ಅಂಗಡಿಯ ತಗಡಿನ ಮಾಡು, ಹಿಂದಿನ ನೀರಿನ ತೊಟ್ಟಿ, ಎಲ್ಲ ಇದ್ದಲ್ಲೇ ಇದೆ. ತೂಕದ್ದನ್ನು ನಾನೂ ನೋಡಿದ್ದೇನೆ. ಅದರಲ್ಲಿ ನಮ್ಮ ಊರೇ ಇಲ್ಲ. ರಸ್ತೆ, ನದಿ ಸರಿಯಾಗಿವೆ, ಮನೆಗಳು ಮಾತ್ರ ಎಲ್ಲ ಊರಿಗೂ ಒಂದೇ ಅಚ್ಚಿನವು. ಅಂಥದ್ದನ್ನು ಇಟ್ಟುಕೊಂಡು ಏನು ಮಾಡುತ್ತೀ? ವೈರಣ್ಣನಿಗೆ ಹೇಳಿ ತಂತಿ ಬದಲಾಯಿಸಿಕೋ, ಚಿತ್ರದ್ದನ್ನೇ ಇಟ್ಟುಕೋ.

ಇನ್ನು ಓಡಿಸುವ ವಿಷಯ. ನಾನು ಎಷ್ಟೋ ಜನರ ಕೈಗೆ ಸ್ಟೇರಿಂಗ್ ಕೊಟ್ಟವನು, ನನ್ನ ಮಾತು ಕೇಳು. ಬೆನ್ನು ನೇರ ಇಟ್ಟು ಕೂರು. ದೂರ ನೋಡು. ವಿಮಾನ ರನ್‌ವೇ ಮೇಲೆ ಓಡುವಾಗ ಎಡಕ್ಕೆ ಎಳೆದರೆ ಹಿಡಿಕೋಲನ್ನು ನಿಧಾನಕ್ಕೆ ಬಲಕ್ಕೆ ತಿರುಗಿಸು, ಗಾಬರಿ ಬೇಡ. ನಿಜ ಹೇಳಬೇಕೆಂದರೆ ನನ್ನದೂ ಪ್ರತಿಸಲ ಎಡಕ್ಕೇ ಎಳೆದು ಹುಲ್ಲಿಗೆ ಇಳಿಯುತ್ತದೆ. ಎಷ್ಟು ತಿರುಗಿಸಿದರೂ ಕೇಳುವುದಿಲ್ಲ. ಏನೋ ಯಂತ್ರದ ದೋಷ.

ಹತ್ತಿ ಇಡುತ್ತೇನೆ.

ನಿನ್ನ ಪೀಪಿ

*

ಏಪ್ರಿಲ್ 6

ಚಿರಂಜೀವಿ ಪೀಪಿಗೆ,

ಯಂತ್ರದ ದೋಷವಲ್ಲ, ನಿನ್ನ ಕೈಯ ದೋಷ. ವಿಮಾನ ನೆಲದ ಮೇಲಿದ್ದಾಗ ಅದನ್ನು ತಿರುಗಿಸಬೇಕಾದದ್ದು ಕಾಲಿನಿಂದ. ನೀನೇ ಪೆಡಲು ಕಳಿಸಿ, ನೀನೇ ಕೈಯಲ್ಲಿ ತಿರುಗಿಸು ಅಂತ ಬರೆದಿದ್ದೀಯ. ಕಾರು ಕಲಿಸಿ ಕಲಿಸಿ ನಿನಗೆ ಕೈಗೆ ಸಿಕ್ಕಿದ್ದೆಲ್ಲ ಸ್ಟೇರಿಂಗ್ ಥರ ಕಾಣುತ್ತದೆ. ನಾನು ನಿನ್ನ ಪತ್ರ ಬರುವ ಮೊದಲೇ ಕೂತುಬಿಟ್ಟಿದ್ದೆ, ಬಚಾವಾದೆ. ಕೆಳಗೆ ಪೆಡಲು ಕಂಡಿತು, ಒತ್ತಿದೆ, ನೇರವಾಗಿ ಹೋಯಿತು. ಇಷ್ಟು ವರ್ಷ ಕಾಲಲ್ಲೇ ಹೊಲಿಗೆ ನೇರ ಇಟ್ಟವಳಿಗೆ ಇದೇನು ದೊಡ್ಡದು? ವೈರಣ್ಣ ನಿಂತು ನೋಡಿ, "ಅಕ್ಕಾ, ನೀವು ಮೊದ್ಲು ಎಲ್ಲಾದ್ರೂ ಓಡಿಸ್ತಿದ್ರಾ?" ಅಂದ. ಓಡಿಸುತ್ತಿದ್ದೆ, ಲಂಗದ ಅಂಚಿನ ಮೇಲೆ ಅಂದೆ.

ಈಗ ಹಾಕಿರುವುದು ತೂಕದ್ದು. ನೋಡಲು ಬಡಕಲು. ಆದರೆ ಗಾಳಿ ಬಂದರೆ ರೆಕ್ಕೆ ಭಾರವಾಗುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ನಿಧಾನ ಮಾಡಿದರೆ ಮೂಗು ತಗ್ಗುತ್ತದೆ. ಇಳಿಸುವಾಗ ದಡಕ್ಕನೆ ಬಿದ್ದರೆ ಅದು ನನ್ನದೇ ತಪ್ಪು ಅಂತ ತಿಳಿಯುತ್ತದೆ. ಚಿತ್ರದ್ದರಲ್ಲಿ ಹೇಗೆ ಇಳಿಸಿದರೂ ಸಭೆಯಲ್ಲಿ ಹಾರ ಹಾಕಿದ ಹಾಗೆ ಹೊಗಳುತ್ತದೆ.

ಚಿತ್ರದ್ದನ್ನು ತೆಗೆಸುವ ಮೊದಲು ಒಂದು ಭಾನುವಾರ ಬೆಳಿಗ್ಗೆ ತಂತಿ ಚುರುಕಾಗಿತ್ತು. ನಮ್ಮ ಬೀದಿ ನನಗೂ ಕಂಡಿತು. ಫೋಟೋ ಹಳೆಯದು, ನೀನು ಇಲ್ಲಿದ್ದ ಕಾಲದ್ದು. ನೀನು ಇಲ್ಲಿ ನಡೆಸುತ್ತಿದ್ದ ಶಾಲೆಯ ಹಳದಿ ಕಾರು ಎದುರು ಮನೆಯ ಗೇಟಿಗೆ ಅಡ್ಡಲಾಗಿ ನಿಂತಿದೆ. ಎದುರು ಮನೆಯ ಮೇಷ್ಟ್ರು ದಿನಾ ಬಂದು ಜಗಳ ಆಡುತ್ತಿದ್ದರಲ್ಲ, ನೀನು ಎದೆ ಮುಟ್ಟಿಕೊಂಡು "ನಾನಲ್ಲ" ಅನ್ನುತ್ತಿದ್ದೆಯಲ್ಲ, ಈಗ ಆಕಾಶವೇ ಸಾಕ್ಷಿ ಹೇಳುತ್ತಿದೆ. ಮೇಷ್ಟ್ರನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿ ನೆಮ್ಮದಿಯಿಂದ ಮನೆಗೆ ಹೋದರು.

ಅಕ್ಕ

*

ಏಪ್ರಿಲ್ 24

ಅಕ್ಕಾ,

ಕಾಲಲ್ಲಿ ಒತ್ತಿ ನೋಡಿದೆ. ಬಲಕ್ಕೆ ಹೋಗಿ ಆ ಕಡೆಯ ಹುಲ್ಲಿಗೆ ಇಳಿಯಿತು. ಅಭ್ಯಾಸವಾಗಬೇಕು. ಆ ಕಾರಿನ ವಿಷಯ ಈಗ ಬಿಟ್ಟುಬಿಡು. ಮೇಷ್ಟ್ರಿಗೆ ತೋರಿಸಿದ್ದು ಮಾತ್ರ ಅನ್ಯಾಯ.

ನಿನಗೆ ಒಂದು ವಿಷಯ ಹೇಳಬೇಕು. ಈ ಸಿಮ್ಯುಲೇಟರ್ ಕಳಿಸುವ ಯೋಚನೆ ನನ್ನದಲ್ಲ, ಇಲ್ಲಿ ಒಬ್ಬರು ಹೇಳಿಕೊಟ್ಟದ್ದು. ಊರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾರೆ. ಗಂಡ ತೀರಿಕೊಂಡು ತುಂಬ ವರ್ಷವಾಗಿದೆ. ನನ್ನ ಹತ್ತಿರ ಕಾರು ಕಲಿಯಲು ಬಂದರು, ಅವರಿಗೆ ಕಾರು ಬರಲಿಲ್ಲ. ಬಾರದಿದ್ದರೂ ಬರುತ್ತಿದ್ದರು. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಮಾಡುತ್ತೇವೆ. ಐವತ್ತಾರನೇ ವಯಸ್ಸಿನಲ್ಲಿ ಇವನಿಗೇನು ಬಂತು ಅಂತ ನೀನು ನಗಬಹುದು. ನಗು.

ಬರುತ್ತೀಯಾ ಅಂತ ನಾನು ಕೇಳುವುದಿಲ್ಲ. ಕೇಳಿ ಅಭ್ಯಾಸವಿಲ್ಲ. ನನ್ನ ಕಾರಿನಲ್ಲಿ ಇಡೀ ಊರು ಕೂತಿತು. ಮೇಷ್ಟ್ರ ಹೆಂಡತಿ ಕೂತರು, ಗುಂಡಿ ಅತ್ತೆ ಕೂತಳು. ನೀನು ಒಂದು ದಿನವೂ ಕೂರಲಿಲ್ಲ. ಮಳೆ ಬಂದರೂ ಛತ್ರಿ ಹಿಡಿದು ನಡೆದೇ ಹೋದೆ. ನಾನು ಊರು ಬಿಟ್ಟ ದಿನ ವಿಮಾನ ನಿಲ್ದಾಣಕ್ಕೂ ಬರಲಿಲ್ಲ. ನನ್ನ ಮೇಲೆ ಸಿಟ್ಟಿತ್ತು ಅಂತ ಗೊತ್ತು. ಅಪ್ಪ ಅಮ್ಮ ಇಲ್ಲದವನನ್ನು ಸಾಕಿ ಬೆಳೆಸಿದವಳನ್ನು ಬಿಟ್ಟು ಬಂದೆನಲ್ಲ.

ಚಿತ್ರದ್ದನ್ನು ನೀನು ತೆಗೆಸಬಾರದಿತ್ತು.

ಪೀಪಿ

*

ಇಲ್ಲಿ ಗುಂಡಿ ಅತ್ತೆ ಡಬ್ಬಿಯಲ್ಲಿ ಹುಡುಕಾಡಿದಳು. ಮೇ ತಿಂಗಳಿನದೆಂದು ಒಂದೂ ಕಾಗದ ಇರಲಿಲ್ಲ. "ಬರೀತಿದ್ಳು, ಹರೀತಿದ್ಳು. ಕಸ ಗುಡಿಸ್ದೋಳು ನಾನೇ" ಅಂದಳು. ಇಸ್ತ್ರಿಯಣ್ಣ, "ಅದರಲ್ಲೇನಿತ್ತು ಅತ್ತೆ?" ಅಂತ ಕೇಳಿದ. "ಹರಿದಿದ್ದನ್ನ ಓದೋಳಲ್ಲ ನಾನು" ಅಂತ ಮುಂದಿನದು ಎತ್ತಿಕೊಂಡಳು.

*

ಜೂನ್ 2

ಚಿರಂಜೀವಿ ಪೀಪಿಗೆ,

ಹೋದ ತಿಂಗಳೇ ಪುಕ್ಕಟೆ ಅವಧಿ ಮುಗಿದು ವೈರಣ್ಣ ಬಂದು ಕೂತಿದ್ದ. ತೂಕದ್ದನ್ನೇ ಇಟ್ಟುಕೊಂಡೆ.

ನೀನು ಹೋದ ದಿನ ನಾನು ಅಂಗಡಿಯಲ್ಲಿ ಮಷೀನಿನ ಮುಂದೆ ಇದ್ದೆ. ಸಿಟ್ಟಿರಲಿಲ್ಲ. ಅಷ್ಟು ದೊಡ್ಡದು ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಲೇಳುವುದನ್ನು ನೋಡುವ ಧೈರ್ಯ ಇರಲಿಲ್ಲ. ಸದ್ದು ಕೇಳಿಸಬಾರದು ಅಂತ ಖಾಲಿ ಮಷೀನು ಓಡಿಸಿದೆ, ದಾರವನ್ನೂ ಹಾಕದೆ. ಸಿಟ್ಟು ಅಂದುಕೊಂಡೇ ಇಷ್ಟು ವರ್ಷ ಕಳೆದೆಯಾ, ಪೆದ್ದೇ?

ಆ ಹೆಣ್ಣುಮಗಳ ಅಳತೆ ಕಳಿಸು. ಭುಜ, ಎದೆ, ಸೊಂಟ, ತೋಳಿನ ಉದ್ದ. ಹಳೆಯ ಬಟ್ಟೆ ಇಟ್ಟು ಅಳೆಯಬೇಡ, ಮೈಮೇಲೆ ಟೇಪು ಹಿಡಿದು ಅಳೆಯಲಿ. ಒಂದು ಕೋಟು ಹೊಲಿಯುತ್ತೇನೆ. ಬರುತ್ತೇನೆ ಅಂತ ಇದರ ಅರ್ಥವಲ್ಲ. ಕೋಟನ್ನು ಪಾರ್ಸೆಲ್ಲಿನಲ್ಲೂ ಕಳಿಸಬಹುದು.

ಅಕ್ಕ

*

ಜೂನ್ 20

ಅತ್ತಿಗೆಯವರಿಗೆ ನಮಸ್ಕಾರ.

ನಾನು ಬಸ್ಸಿನವಳು. ಇಲ್ಲಿ ಎಲ್ಲರೂ ಕಂಡಕ್ಟರಮ್ಮ ಅನ್ನುತ್ತಾರೆ, ನೀವೂ ಹಾಗೇ ಅನ್ನಬಹುದು. ಅಳತೆಯ ಚೀಟಿ ಇದರ ಜೊತೆಗಿದೆ. ಬಲ ಭುಜ ಎಡಕ್ಕಿಂತ ಸ್ವಲ್ಪ ತಗ್ಗಿದೆ, ಚೀಲ ಹೊತ್ತು ಹೊತ್ತು ಹಾಗಾಗಿದೆ. ಅದನ್ನು ಮುಚ್ಚಿಡದೆ ಬರೆದಿದ್ದೇನೆ.

ನಿಮ್ಮ ಪತ್ರಗಳನ್ನು ಇವರು ನನಗೆ ಓದಿ ಹೇಳುತ್ತಾರೆ. ನಗುತ್ತಾ ಓದಲು ಶುರುಮಾಡುತ್ತಾರೆ, ಅರ್ಧಕ್ಕೆ ಬಂದಾಗ ನೀರು ಕುಡಿಯಲು ಏಳುತ್ತಾರೆ. ಜೂನ್ ಎರಡರ ಪತ್ರಕ್ಕೆ ಒಂದು ಕೊಡ ನೀರು ಕುಡಿದರು.

ತಪ್ಪು ತಿಳಿಯದಿದ್ದರೆ ಒಂದು ಮಾತು. ನೀವಿಬ್ಬರೂ ಚಿತ್ರ ಒಳ್ಳೆಯದೋ ತೂಕ ಒಳ್ಳೆಯದೋ ಅಂತ ನಾಲ್ಕು ತಿಂಗಳಿಂದ ವಾದ ಮಾಡುತ್ತಿದ್ದೀರಿ. ಇಬ್ಬರೂ ಕೂತಿರುವುದು ಪೈಲಟ್ಟಿನ ಸೀಟಿನಲ್ಲಿ. ಅತ್ತಿಗೆ, ನೀವು ಬರುವ ವಿಮಾನದಲ್ಲಿ ಆ ಸೀಟು ನಿಮಗೆ ಕೊಡುವುದಿಲ್ಲ. ಹಿಂದೆ ಎಲ್ಲೋ ಕಿಟಕಿಯ ಪಕ್ಕ ಕೂರಿಸಿ ಬೆಲ್ಟು ಕಟ್ಟುತ್ತಾರೆ. ಅಲ್ಲಿ ಹಿಡಿಕೋಲೂ ಇಲ್ಲ, ಪೆಡಲೂ ಇಲ್ಲ. ಇವರು ಚಾಲಕರು, ಇವರಿಗೆ ಇದು ಹೊಳೆಯುವುದಿಲ್ಲ. ನಾನು ಇಡೀ ಜನ್ಮ ಬೇರೆಯವರು ಓಡಿಸುವ ಬಸ್ಸಿನಲ್ಲಿ ನಿಂತೇ ಕಳೆದವಳು, ಅದಕ್ಕೆ ಹೊಳೆಯಿತು. ಮೊದಲ ವರ್ಷ ನಾನೂ ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ಸಂಜೆಗೆ ಮೊಣಕಾಲು ನೋಯುತ್ತಿತ್ತು.

ವಿಚಾರಿಸಿದೆ. ನೀವು ಇಟ್ಟುಕೊಂಡಿರುವ ತೂಕದ್ದರಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರಬಹುದು. ಸೀಟುಗಳ ಪಟ್ಟಿ ತೆರೆದು ಕೊನೆಯದನ್ನು ಆರಿಸಿ. ವಿಮಾನ ತಾನೇ ಹಾರಿಕೊಂಡು ಹೋಗುವ ಹಾಗೆ ಮಾಡಬಹುದಂತೆ. ಒಮ್ಮೆ ಸುಮ್ಮನೆ ಕೂತು ನೋಡಿ.

ನಿಮ್ಮ ಕಂಡಕ್ಟರಮ್ಮ

*

ಜುಲೈ 5

ಕಂಡಕ್ಟರಮ್ಮನಿಗೆ,

ಭುಜದ ವಿಷಯ ಬರೆದದ್ದು ಒಳ್ಳೆಯದಾಯಿತು. ನನ್ನ ಗಿರಾಕಿಗಳಲ್ಲಿ ನಿಜವಾದ ಅಳತೆ ಕೊಡುವವರು ಕಡಿಮೆ. ಒಂದು ಪಟ್ಟಿ ಒಳಗೆ ಇಟ್ಟರೆ ಎರಡೂ ಸಮವಾಗಿ ಕಾಣುತ್ತವೆ.

ನೀನು ಹೇಳಿದ ಹಾಗೆ ಹಿಂದೆ ಹೋಗಿ ಕೂತೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ. ವಿಮಾನ ತಾನೇ ಎದ್ದಿತು, ರೆಕ್ಕೆ ವಾಲಿತು. ನನ್ನ ಕಾಲು ಮೇಜಿನ ಕೆಳಗೆ ಪೆಡಲನ್ನು ಒತ್ತಿತು. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಅದರ ಪಾಡಿಗೆ ಅದು ಹೋಗುತ್ತಿತ್ತು. ಕುರ್ಚಿಯಿಂದ ಎದ್ದುನಿಂತೆ. ಆಮೇಲೆ ಪರದೆಯಲ್ಲೇ ಮುಂದೆ ಪೈಲಟ್ಟಿನ ಕೋಣೆಗೆ ಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಎರಡು ಖಾಲಿ ಕುರ್ಚಿ, ತನ್ನಷ್ಟಕ್ಕೆ ಅಲ್ಲಾಡುವ ಹಿಡಿಕೋಲು. ಕಂಪ್ಯೂಟರ್ ಮುಚ್ಚಿ ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತೆ.

ಅಷ್ಟು ತಿಂಗಳು ಓಡಿಸಿದೆ, ಇಳಿಸಿದೆ, ಗಾಳಿಯಲ್ಲೂ ಇಳಿಸಿದೆ. ಎಲ್ಲ ಬಂತು, ಇದು ಬರಲಿಲ್ಲ. ನನಗೆ ಎತ್ತರದ ಹೆದರಿಕೆ ಅಲ್ಲಮ್ಮ. ಕಾಲು ಸುಮ್ಮನಿಟ್ಟು ಕೂರುವುದು ನನಗೆ ಯಾರೂ ಕಲಿಸಿಲ್ಲ. ಅಪ್ಪ ಅಮ್ಮ ಹೋದಾಗ ಇವನು ನಡೆಯಲು ಕಲಿಯುತ್ತಿದ್ದ. ಅವತ್ತಿನಿಂದ ಪೆಡಲು ಒತ್ತುತ್ತಲೇ ಇದ್ದೇನೆ.

ಕೋಟು ಅರ್ಧವಾಗಿದೆ. ನಾನು ಬರುವುದು ಕಷ್ಟ. ಅವನಿಗೆ ನೀನೇ ಮೆತ್ತಗೆ ಹೇಳು.

ಅಕ್ಕ

*

ಜುಲೈ 22

ಅಕ್ಕಾ,

ಅವಳು ಮೆತ್ತಗೆ ಹೇಳಲಿಲ್ಲ. ಪತ್ರವನ್ನು ಕೈಗೆ ಕೊಟ್ಟು, "ಓದ್ಕೊಳ್ಳಿ, ಆಮೇಲೆ ಎಷ್ಟು ಬೇಕೋ ಅಷ್ಟು ನೀರು ಕುಡೀರಿ" ಅಂದಳು.

ತೂಕದ್ದರಲ್ಲಿ ಒಬ್ಬರು ಓಡಿಸುವಾಗ ಬೇರೆ ಊರಿನವರು ಅದೇ ವಿಮಾನದ ಹಿಂದಿನ ಸೀಟಿಗೆ ಬಂದು ಕೂರಬಹುದಂತೆ. ಚಿತ್ರದ್ದರಲ್ಲಿ ಅದಿಲ್ಲ, ಪಕ್ಕದಲ್ಲಿ ಬೇರೆ ವಿಮಾನ ಹಾರಿಸಬಹುದು ಅಷ್ಟೇ. ನಿನ್ನೆ ಚಿತ್ರದ್ದನ್ನು ತೆಗೆದುಹಾಕಿ ತೂಕದ್ದು ಹಾಕಿದೆ. ನನ್ನ ಪೆಟ್ಟಿಗೆಯಲ್ಲೂ ಒಂದಕ್ಕೇ ಜಾಗ.

ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನೀನು ಅದನ್ನು ಒಳಹೊಲಿಗೆ ಸರಿಯಿಲ್ಲ ಅಂತ ಬೈಯುವಾಗೆಲ್ಲ ನಾನು ಯಾಕೆ ಜಗಳಕ್ಕೆ ನಿಲ್ಲುತ್ತಿದ್ದೆ ಅಂತ ಈಗ ಹೇಳುತ್ತೇನೆ. ದಿನಾ ಸಂಜೆ ಶಾಲೆಯ ಬಾಗಿಲು ಹಾಕಿದ ಮೇಲೆ ನಾನು ಅದರಲ್ಲಿ ನಮ್ಮ ಊರಿಗೆ ಹೋಗಿ ಬರುತ್ತಿದ್ದೆ. ಅಂಗಡಿಯ ಮಾಡಿನ ಮೇಲೆ ಒಂದು ಸುತ್ತು ಹಾಕಿ ವಾಪಸ್ಸು. ಇಳಿಯಲು ನಮ್ಮ ಬೀದಿಯಲ್ಲಿ ಜಾಗವಿಲ್ಲ, ಇದ್ದರೂ ಎದುರು ಮನೆಯ ಗೇಟಿಗೆ ಅಡ್ಡವಾಗುತ್ತಿತ್ತು. ನಿನ್ನೆ ಕೊನೆಯ ಸಲ ಹೋದೆ. ಎರಡು ಸುತ್ತು ಹಾಕಿದೆ. ಆಮೇಲೆ ತೆಗೆದೆ. ಅದು ನಾನು ನಿನ್ನ ಹತ್ತಿರ ಬರುವುದಕ್ಕೆ. ಇದು ನೀನು ನನ್ನ ಹತ್ತಿರ ಬರುವುದಕ್ಕೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಾದರೆ ಇದೇ ಇರಲಿ.

ಈ ಭಾನುವಾರದ ಮುಂದಿನ ಭಾನುವಾರ, ಬೆಳಿಗ್ಗೆ. ನಾನು ಓಡಿಸುತ್ತೇನೆ. ಅವಳು ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಬಂದು ನಿನ್ನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಮಾತು ಬೇಡ ಅಂದಿದ್ದಾಳೆ, ನಾವಿಬ್ಬರೂ ಮಾತಾಡಿದರೆ ವಿಮಾನ ಬೀಳುತ್ತದಂತೆ. ಬಸ್ಸಿನ ಹಾಗೆ ಅವಳು ಊದುವ ಸೀಟಿ ಮಾತ್ರ ಕೇಳಿಸುತ್ತದೆ. ಎರಡು ಊದಿದರೆ ಹೊರಡು, ಒಂದು ಊದಿದರೆ ನಿಲ್ಲಿಸು.

ನನ್ನ ಕಾರಿನಲ್ಲಿ ಪಕ್ಕದ ಸೀಟಿಗೂ ಬ್ರೇಕು, ಕ್ಲಚ್ಚು ಇವೆ, ಕಲಿಸುವವನಿಗೆ ಅಂತ. ವಿಮಾನದಲ್ಲಿ ನಿನಗೆ ಅಂಥದ್ದು ಕೊಡಲು ಆಗುವುದಿಲ್ಲ ಅಕ್ಕಾ. ನನ್ನ ಕಾಲನ್ನೇ ನಂಬಬೇಕು.

ಪೀಪಿ

*

ಆಗಸ್ಟ್ 10

ಚಿರಂಜೀವಿ ಪೀಪಿಗೆ,

ಎರಡು ಭಾನುವಾರ ಆಯಿತು. ಈಗ ಬರೆಯುತ್ತೇನೆ.

ಮೊದಲನೆಯ ಭಾನುವಾರ ನೀನು ರನ್‌ವೇ ಬಿಟ್ಟು ಹುಲ್ಲಿಗೆ ಹೋದೆ. ಏಳುವಾಗ ಚೆನ್ನಾಗಿ ಎದ್ದೆ, ಸಮುದ್ರದ ಮೇಲೂ ಚೆನ್ನಾಗಿ ಬಂದೆ. ಇಳಿಯುವಾಗ ಗಾಳಿ ಎಡಕ್ಕೆ ತಳ್ಳಿತು, ನಿನ್ನ ಹಳೆಯ ಕೈ ಮತ್ತೆ ಸ್ಟೇರಿಂಗ್ ತಿರುಗಿಸಿತು. ಹಿಂದೆ ಕೂತೇ ನನಗೆ ತಿಳಿಯಿತು. ನನ್ನ ಬಲಗಾಲು ಎಷ್ಟು ಒತ್ತಿತೆಂದರೆ ಪೆಡಲು ಜಾರಿ ಗೋಡೆಗೆ ಹೋಗಿ ಹೊಡೆಯಿತು. ಹುಲ್ಲಿನಲ್ಲಿ ವಿಮಾನ ನಿಂತಾಗ ಕಂಡಕ್ಟರಮ್ಮ ಒಂದು ಸೀಟಿ ಊದಿದಳಲ್ಲ, ಅಷ್ಟು ತಡವಾಗಿ, ಅಷ್ಟು ಗಂಭೀರವಾಗಿ, ನನಗೆ ನಗು ಬಂದುಬಿಟ್ಟಿತು. ನಗುವಾಗ ನೋಡಿಕೊಂಡೆ, ನಾನು ಕುರ್ಚಿಯಿಂದ ಎದ್ದಿರಲಿಲ್ಲ. ಹೋದ ಸಲ ಎದ್ದಿದ್ದೆ, ಆಗ ಮುಂದೆ ಯಾರೂ ಇರಲಿಲ್ಲ. ಈ ಸಲ ಮುಂದೆ ಇದ್ದವನು ಹುಲ್ಲಿಗೆ ಹಾಕಿದ, ಆದರೆ ಇದ್ದ.

ಎರಡನೆಯ ಭಾನುವಾರಕ್ಕೆ ಮೊದಲು ಪೆಡಲನ್ನು ಮೇಜಿನ ಕೆಳಗಿನಿಂದ ತೆಗೆದು ನೀನು ಕಳಿಸಿದ ಡಬ್ಬದಲ್ಲೇ ಇಟ್ಟು ಕಟ್ಟಿದೆ. ಕಾಲಿಗೆ ನೆಲ ಬಿಟ್ಟರೆ ಬೇರೇನೂ ಇರಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದೆ. ನಿನ್ನ ಮಾತು ನಿಜ, ತೂಕದ್ದರಲ್ಲಿ ಊರು ಬರೀ ಬೋಳು. ಸಮುದ್ರ ಮಾತ್ರ ಎರಡರಲ್ಲೂ ಒಂದೇ ಥರ ಇದೆ. ನೀನು ಇಳಿಸಿದೆ. ಚಕ್ರ ನೆಲಕ್ಕೆ ತಾಗಿತು, ಎಡಕ್ಕೆ ಎಳೆಯಿತು, ಆಮೇಲೆ ಒಂದು ಚೂರು ತಡವಾಗಿ ನೇರವಾಯಿತು. ನೀನು ಕಾಲು ಹಾಕಿದೆ ಅಂತ ಗೊತ್ತಾಯಿತು. ಅಂಚು ಮಡಿಚಿ ಹೊಲಿದ ಹಾಗಿತ್ತು, ಸ್ವಲ್ಪ ಸೊಟ್ಟ. ಬಿಚ್ಚಿ ಹೊಲಿಯುವಷ್ಟು ಸೊಟ್ಟವಲ್ಲ.

ಕೋಟು ಮುಗಿದಿದೆ. ಪಾರ್ಸೆಲ್ಲಿಗೆ ಕೊಟ್ಟರೆ ಮಡಿಕೆ ಬೀಳುತ್ತದೆ. ನಾನೇ ತರುತ್ತೇನೆ.

ಅಕ್ಕ

*

ಡಬ್ಬಿ ಖಾಲಿಯಾಗಿತ್ತು. ಗುಂಡಿ ಅತ್ತೆ ತನ್ನ ಚೀಲದಿಂದ ಇನ್ನೊಂದು ಪತ್ರ ತೆಗೆದಳು. ಅದು ಅಂಗಡಿಯ ವಿಳಾಸಕ್ಕೆ, ನಮಗೆಲ್ಲ ಸೇರಿ ಬಂದದ್ದು. ಅತ್ತೆ ಅದನ್ನು ಅಲ್ಲಿಯವರೆಗೆ ಯಾರಿಗೂ ತೋರಿಸಿರಲಿಲ್ಲ. "ಮಷೀನು ನಿಲ್ಲಲಿಲ್ವಲ್ಲ, ಹೇಗೆ ತೋರಿಸೋದು?" ಅಂದಳು.

*

ಅಕ್ಟೋಬರ್ 12

ಅಂಗಡಿಯ ಎಲ್ಲರಿಗೂ,

ಇಸ್ತ್ರಿಯಣ್ಣ ಕೆಂಡ ಆರಿಸದೆ ಮನೆಗೆ ಹೋಗಬಾರದು. ಶಾಲೆಯ ಸಮವಸ್ತ್ರದ ಕೆಲಸ ಮೊದಲು ಮುಗಿಸಿ. ಕಸೂತಿ ಹೂವಿನ ಹತ್ತಿರ ವೈರಣ್ಣನನ್ನು ಒಬ್ಬನನ್ನೇ ಬಿಡಬೇಡಿ.

ವಿಮಾನದಲ್ಲಿ ಬಂದದ್ದು ಹೇಗಿತ್ತು ಅಂತ ಅತ್ತೆ ಕೇಳಿದ್ದಾಳೆ. ಕಿಟಕಿಯ ಪಕ್ಕ ಸೀಟು ಕೊಟ್ಟರು. ರೆಕ್ಕೆ ವಾಲಿದಾಗ ಕಾಲು ತಾನಾಗಿ ಮುಂದೆ ಹೋಯಿತು, ಅಲ್ಲಿ ಮುಂದಿನವರ ಚೀಲವಿತ್ತು. ಕಾಲು ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ನಿದ್ದೆ ಬಂತು. ಇಳಿದದ್ದೇ ಗೊತ್ತಾಗಲಿಲ್ಲ, ಪಕ್ಕದವರು ಎಬ್ಬಿಸಿದರು. ಅಷ್ಟು ತಿಂಗಳು ತಯಾರಿ ಮಾಡಿ ಇಳಿಯುವುದನ್ನೇ ನೋಡಲಿಲ್ಲ ಅಂತ ಈಗಲೂ ಬೇಜಾರಿದೆ.

ಹೊರಗೆ ಇಬ್ಬರೂ ನಿಂತಿದ್ದರು. ಅವನ ಕೂದಲು ಉದುರಿದೆ, ಅದನ್ನು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಕಂಡಕ್ಟರಮ್ಮ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಕಾರಿನ ಹಿಂದಿನ ಸೀಟಿಗೆ ಹತ್ತಿದಳು. ನನಗೆ ಉಳಿದದ್ದು ಅವನ ಪಕ್ಕದ ಸೀಟು. ಶಾಲೆಯದೇ ಕಾರು, ಬಣ್ಣ ಈಗಲೂ ಹಳದಿ. ಕೂತು ಕೆಳಗೆ ನೋಡಿದರೆ ಕಾಲ ಬುಡದಲ್ಲೇ ಬ್ರೇಕು, ಕ್ಲಚ್ಚು, ಅವನು ಬರೆದ ಹಾಗೆಯೇ. ಅವನೂ ನೋಡಿದ. "ಒತ್ಬೇಕು ಅನ್ಸಿದ್ರೆ ಒತ್ತು ಅಕ್ಕಾ, ಅದು ನಿಜವಾದ್ದೇ" ಅಂದ.

ನಾನು ಚಪ್ಪಲಿ ಬಿಚ್ಚಿದೆ. ಎರಡೂ ಕಾಲು ಮೇಲಕ್ಕೆತ್ತಿ ಸೀಟಿನ ಮೇಲೆ ಮಡಚಿಕೊಂಡು ಕೂತೆ. ಹಿಂದಿನಿಂದ ಎರಡು ಸೀಟಿ ಕೇಳಿಸಿತು. ಅವನು ತಕ್ಷಣ ಹೊರಡಲಿಲ್ಲ. ಕನ್ನಡಿ ಸರಿಮಾಡಿಕೊಳ್ಳುವವನ ಹಾಗೆ ಸ್ವಲ್ಪ ಹೊತ್ತು ಆ ಕಡೆ ತಿರುಗಿಕೊಂಡಿದ್ದ. ಆಮೇಲೆ ಹೊರಟ. ಚೆನ್ನಾಗಿ ಓಡಿಸುತ್ತಾನೆ. ನೀವೆಲ್ಲ ಕೂತಿದ್ದಿರಲ್ಲ, ನಿಮಗೆ ಮೊದಲೇ ಗೊತ್ತಿತ್ತು.

ಸಹಿ ಆಯಿತು. ಕೋಟಿನ ಭುಜ ಸಮವಾಗಿ ಕೂತಿತು. ನವೆಂಬರ್ ಹದಿನೇಳರ ಬೆಳಿಗ್ಗೆ ಬರುತ್ತೇನೆ. ಯಾರೂ ಕೆಲಸ ಬಿಟ್ಟು ನಿಲ್ದಾಣಕ್ಕೆ ಬರಬೇಡಿ.

ಅಕ್ಕ

*

ಅತ್ತೆ ಕಾಗದ ಮಡಿಚುವಷ್ಟರಲ್ಲಿ ಕರೆಂಟು ಬಂತು, ಮಷೀನುಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಯಾರೂ ಕೈ ಹಾಕಲಿಲ್ಲ. ಇಸ್ತ್ರಿಯಣ್ಣ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿ, "ಹದಿನೇಳು ಅಂದ್ರೆ ನಾಳೆ ಅಲ್ವಾ?" ಅಂದ.

ಮರುದಿನ ಬೆಳಿಗ್ಗೆ ನಾವು ಅಂಗಡಿಗೆ ಬೀಗ ಹಾಕಿ, ಒಂದು ವ್ಯಾನು ಗೊತ್ತುಮಾಡಿಕೊಂಡು ನಿಲ್ದಾಣಕ್ಕೆ ಹೋದೆವು. ಎದುರು ಮನೆಯ ಮೇಷ್ಟ್ರೂ ಬಂದರು, ದಾರಿಯಲ್ಲಿ ಪತ್ರಗಳ ಕಥೆಯನ್ನೆಲ್ಲ ಕೇಳಿಸಿಕೊಂಡರು. ಅಕ್ಕ ಯಾವ ವಿಮಾನದಲ್ಲಿ ಬರುತ್ತಾಳೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ, ಪತ್ರದಲ್ಲಿ ಬರೆದಿರಲಿಲ್ಲ. ಅದಕ್ಕೆ ತಂತಿಬೇಲಿಯ ಪಕ್ಕ ಸಾಲಾಗಿ ನಿಂತು, ಇಳಿದ ವಿಮಾನಗಳನ್ನೆಲ್ಲ ನೋಡಿದೆವು. ಒಂದು ಕುಪ್ಪಳಿಸಿತು. ಮೇಷ್ಟ್ರು ತಲೆಯಾಡಿಸಿ, "ಕೈ ಹಾಕ್ದ, ಕಾಲು ಹಾಕ್ಲಿಲ್ಲ" ಅಂದರು. ಇನ್ನೊಂದು ಗೆರೆಯ ಮೇಲೆ ಗೆರೆ ಎಳೆದ ಹಾಗೆ ನೇರವಾಗಿ ಓಡಿ ನಿಂತಿತು. ಗುಂಡಿ ಅತ್ತೆ ಬೇಲಿ ಹಿಡಿದು, "ಇದೇ. ಇದ್ರಲ್ಲೇ ಇದ್ದಾಳೆ, ನೋಡ್ತಿರಿ" ಅಂದಳು.

"ಅಂಗಡಿ ಯಾರ್ ನೋಡ್ಕೋತಿದ್ದಾರೆ?" ಅಂತ ಹಿಂದಿನಿಂದ ಕೇಳಿಸಿತು. ಅಕ್ಕ ಪೆಟ್ಟಿಗೆ ಹಿಡಿದು ನಿಂತಿದ್ದಳು. ಬಂದದ್ದು ಆ ಕುಪ್ಪಳಿಸಿದ ವಿಮಾನದಲ್ಲಿ.

ನಾವು ಅವಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡೆವು. ವ್ಯಾನಿನ ಹತ್ತಿರ ಬಂದಾಗ ಮೇಷ್ಟ್ರು ಮರ್ಯಾದೆಗೆ ಮುಂದಿನ ಬಾಗಿಲು ತೆರೆದು ನಿಂತರು. ಅಕ್ಕ ಅವರನ್ನು ದಾಟಿ ಹಿಂದೆ ಹತ್ತಿ, ಕೊನೆಯ ಸಾಲಿನ ಕಿಟಕಿಯ ಪಕ್ಕ ಕೂತು, ಚಪ್ಪಲಿ ಬಿಚ್ಚಿ ಕಾಲು ಮಡಚಿಕೊಂಡಳು. ನಾವೆಲ್ಲ ಹತ್ತಿದ ಮೇಲೆ ಕೊರಳಿನ ದಾರದಲ್ಲಿ ನೇತುಹಾಕಿಕೊಂಡಿದ್ದ ಕಂಡಕ್ಟರಮ್ಮ ಕೊಟ್ಟ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದಳು.